ನಿಂತ ಯಂತ್ರ ಕೈ ಕಚ್ಚುವುದು ಹೇಗೆ?

ಕರೆಂಟು ಹೋದಾಗ ದೀಪ ಆ ಕ್ಷಣವೇ ಆರುತ್ತದೆ, ಫ್ಯಾನು ಮಾತ್ರ ನಿಲ್ಲುವುದಿಲ್ಲ. ಕತ್ತಲೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಗಾಳಿ ಬರುತ್ತಲೇ ಇರುತ್ತದೆ. ಹಿಟ್ಟಿನ ಗಿರಣಿಯಲ್ಲಿ ಸರದಿಗೆ ಕಾದವರು ಇದನ್ನೇ ಇನ್ನೂ ದೊಡ್ಡದಾಗಿ ಕಂಡಿರುತ್ತಾರೆ. ಗಿರಣಿಯವರು ಸ್ವಿಚ್ ಆಫ್ ಮಾಡಿ, ದುಡ್ಡು ಎಣಿಸಿಕೊಂಡು, ಡಬ್ಬದ ಮುಚ್ಚಳ ಒತ್ತಿ ಕೊಡುವವರೆಗೂ ಬೆಲ್ಟು ಲಟಪಟ ಎನ್ನುತ್ತಿರುತ್ತದೆ. ಒಳಗಿನ ಕಲ್ಲು ದನಿ ಇಳಿಸುತ್ತಾ ಇಳಿಸುತ್ತಾ ತಿರುಗುತ್ತಿರುತ್ತದೆ.

ನಾನು ಹುಡುಗನಾಗಿದ್ದಾಗ ರಾಗಿ ಡಬ್ಬ ಹೊತ್ತು ಹೋಗುತ್ತಿದ್ದ ಗಿರಣಿಯ ಯಜಮಾನರ ಬಲಗೈಯಲ್ಲಿ ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು. ಆ ಕೈಯಿಂದಲೇ ಅವರು ಹಿಟ್ಟು ಇಳಿಯುವ ಬಟ್ಟೆಯ ತೋಳನ್ನು ಪಟಪಟ ಬಡಿದು, ಕೊನೆಯ ಹಿಡಿ ಹಿಟ್ಟನ್ನೂ ನಮ್ಮ ಡಬ್ಬಕ್ಕೆ ಇಳಿಸಿ ಕೊಡುತ್ತಿದ್ದರು. ಏನಾಯಿತೆಂದು ಕೇಳುವ ಧೈರ್ಯ ನನಗೆ ಬಂದದ್ದು ಕಾಲೇಜಿಗೆ ಸೇರಿದ ಮೇಲೆ. "ಓಡೋ ಮೆಷಿನ್ನಿಗೆ ಕೈ ಕೊಡೋನಲ್ಲ ಕಣಪ್ಪ ನಾನು. ಆಫ್ ಮಾಡೇ ಕೈ ಹಾಕಿದ್ದು" ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಮುಂದೆ ಬೇಕರಿ, ಆಲೆಮನೆ, ಕುರುಕಲು ತಿಂಡಿಯ ಕಾರ್ಖಾನೆ ಎಂದು ಹೋದ ಕಡೆಯಲ್ಲೆಲ್ಲ ಕೈಗೆ ಪೆಟ್ಟಾದವರನ್ನು ಮಾತಾಡಿಸಿದಾಗ ಅದೇ ಮಾತು ಮತ್ತೆ ಮತ್ತೆ ಕಿವಿಗೆ ಬಿತ್ತು. ಓಡುವ ಯಂತ್ರದ ಭಯ ಎಲ್ಲರಿಗೂ ಇದೆ. ಸಿಕ್ಕಿಕೊಂಡದ್ದನ್ನು ತೆಗೆಯುವಾಗ, ತೊಳೆಯುವಾಗ, ಬೆಲ್ಟು ಬಿಗಿ ಮಾಡುವಾಗ ಆ ಭಯ ಸಡಿಲವಾಗುತ್ತದೆ, ಏಕೆಂದರೆ ಯಂತ್ರ ನಿಂತಿದೆ. ಹಾಗಾದರೆ ನಿಂತ ಯಂತ್ರಕ್ಕೆ ಕಚ್ಚುವ ಬಲ ಬಂದದ್ದೆಲ್ಲಿಂದ? ಕೈಯಾದರೂ ಅಷ್ಟರಲ್ಲಿ ಏಕೆ ಹಿಂದೆ ಬರಲಿಲ್ಲ?

ಎರಡನೆಯ ಪ್ರಶ್ನೆಯಿಂದ ಶುರು ಮಾಡೋಣ. ಅದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಸಿಗುತ್ತದೆ.

ಸ್ಕೇಲು ಬೀಳುವಷ್ಟರಲ್ಲಿ

ಮಕ್ಕಳ 30 ಸೆಂಟಿಮೀಟರಿನ ಸ್ಕೇಲೊಂದನ್ನು ತನ್ನಿ. ಮನೆಯವರೊಬ್ಬರು ಅದರ ಮೇಲ್ತುದಿ ಹಿಡಿದು ನೇರವಾಗಿ ಇಳಿಬಿಡಲಿ, ಸೊನ್ನೆ ಕೆಳಗಿರಲಿ. ನೀವು ಸೊನ್ನೆಯ ಪಕ್ಕ ಹೆಬ್ಬೆರಳು ತೋರುಬೆರಳನ್ನು ಮುಟ್ಟಿಯೂ ಮುಟ್ಟದಂತೆ ತೆರೆದಿಡಿ. ಅವರು ಹೇಳದೆ ಕೇಳದೆ ಸ್ಕೇಲು ಬಿಡಬೇಕು, ನೀವು ಹಿಡಿಯಬೇಕು.

ಸ್ಕೇಲನ್ನು ಸೊನ್ನೆಯಲ್ಲೇ ಹಿಡಿಯಲು ಯಾರಿಗೂ ಆಗುವುದಿಲ್ಲ. ಹೆಚ್ಚಿನವರ ಬೆರಳು ಕೂಡುವುದು 15ರಿಂದ 25 ಸೆಂಟಿಮೀಟರಿನ ಗೆರೆಗಳ ನಡುವೆ. ಬೀಳುವ ವಸ್ತು 20 ಸೆಂಟಿಮೀಟರು ಇಳಿಯಲು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಅಂದರೆ ಸ್ಕೇಲು ಇಲ್ಲಿ ಗಡಿಯಾರದ ಕೆಲಸ ಮಾಡಿತು. ಕಣ್ಣು ಕಂಡದ್ದನ್ನು ಕೈ ಮಾಡಿ ಮುಗಿಸಲು ನಮಗೆ ಸುಮಾರು 0.2 ಸೆಕೆಂಡು ಬೇಕು ಎಂದು ಅದು ಅಳೆದು ಹೇಳಿತು.

ಈ ಹೊತ್ತು ಹೋಗುವುದು ನರದ ಹಾದಿಯಲ್ಲಲ್ಲ. ಕೈಯ ವೇಗದ ನರಗಳಲ್ಲಿ ಸುದ್ದಿ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಬೆರಳ ತುದಿಯಿಂದ ಮಿದುಳಿಗೆ ಇರುವ ಮೀಟರಿನಷ್ಟು ದಾರಿಗೆ ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು. ಉಳಿದದ್ದೆಲ್ಲ ಮಿದುಳಿನೊಳಗೆ ಖರ್ಚಾಗುತ್ತದೆ: ಏನಾಯಿತು, ಏನು ಮಾಡಬೇಕು, ಯಾವ ಸ್ನಾಯುವಿಗೆ ಹೇಳಬೇಕು. ಅದೂ ನೀವು ಸ್ಕೇಲನ್ನೇ ದಿಟ್ಟಿಸಿಕೊಂಡು, ಬೀಳುವುದನ್ನೇ ಕಾಯುತ್ತಿದ್ದಾಗ. ರಾತ್ರಿ ಪಾಳಿಯ ಕೊನೆಯಲ್ಲಿ, ಬೇರೇನನ್ನೋ ಯೋಚಿಸುತ್ತಾ, ನಿಂತಿದೆ ಎಂದು ನಂಬಿದ ಯಂತ್ರದೊಳಗೆ ಕೈಯಿಟ್ಟವರಿಗೆ ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತದೆ.

ಬಿಸಿ ಹೆಂಚು ತಾಗಿದರೆ ಕೈ ತಾನಾಗಿ ಹಿಂದೆ ಹಾರುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಆ ಎಳೆತ ಮಿದುಳನ್ನು ಕೇಳದೆ ಬೆನ್ನುಹುರಿಯಿಂದಲೇ ಹೊರಡುವುದರಿಂದ ಬೇಗ ಆಗುತ್ತದೆ. ಆದರೆ ಅದು ಏಳುವುದು ಚರ್ಮಕ್ಕೆ ಪೆಟ್ಟು ತಾಗಿದ ಮೇಲೆ. ಹೆಂಚು ಕೈಯನ್ನು ಸುಡುತ್ತದೆಯೇ ಹೊರತು ಹಿಡಿದುಕೊಳ್ಳುವುದಿಲ್ಲ. ಯಂತ್ರ ಹಿಡಿದುಕೊಳ್ಳುತ್ತದೆ.

ಕಬ್ಬಿಗೂ ಬೆರಳಿಗೂ ಭೇದವಿಲ್ಲದ ಬಾಯಿ

ಮಂಡ್ಯದ ಕಡೆಯ ಆಲೆಮನೆಯಲ್ಲಿ ಗಾಣದ ಮುಂದೆ ಒಂದು ಗಳಿಗೆ ನಿಂತು ನೋಡಿ. ಕಬ್ಬು ಕೊಡುವವರು ಜಲ್ಲೆಯ ತುದಿಯನ್ನು ಉರುಳೆಗಳ ಸಂದಿಗೆ ತೋರಿಸುತ್ತಾರೆ, ಅಷ್ಟೆ. ತಳ್ಳುವ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಗಾಣವೇ ಎಳೆದುಕೊಳ್ಳುತ್ತದೆ. ಎದುರುಬದುರು ತಿರುಗುವ ಎರಡು ಉರುಳೆಗಳು ಕೂಡುವ ಆ ಸಂದನ್ನು ಎಂಜಿನಿಯರರು ನಿಪ್ ಪಾಯಿಂಟ್ ಎನ್ನುತ್ತಾರೆ. ನಾವು ಸೆಳೆಬಾಯಿ ಎನ್ನೋಣ. ಬ್ರೆಡ್ಡಿನ ಹಿಟ್ಟು ಲಟ್ಟಿಸುವ ಯಂತ್ರದಲ್ಲಿ ಅದಿದೆ. ಬೆಲ್ಟು ಪುಲ್ಲಿಯನ್ನು ಸೇರುವಲ್ಲಿ ಇದೆ, ಸರಪಳಿ ಹಲ್ಲುಚಕ್ರವನ್ನು ಹತ್ತುವಲ್ಲಿ ಇದೆ, ಸಾಗುಪಟ್ಟಿಯ ತುದಿಯ ಉರುಳೆಯಲ್ಲೂ ಇದೆ.

ಸೆಳೆಬಾಯಿ ತಾನೇ ಎಳೆದುಕೊಳ್ಳುವುದರ ಗುಟ್ಟು ಉಜ್ಜಾಟದಲ್ಲಿದೆ. ಉರುಳೆಯ ಮೈ ತನ್ನನ್ನು ಮುಟ್ಟಿದ್ದನ್ನು ಎರಡು ರೀತಿ ಒತ್ತುತ್ತದೆ: ಹೊರಗೆ ತಳ್ಳುತ್ತದೆ, ಒಳಗೂ ಉಜ್ಜಿಕೊಂಡು ಹೋಗುತ್ತದೆ. ಸಂದು ಅಗಲವಾಗಿ ಬಾಯ್ದೆರೆದಿರುವಲ್ಲಿ ತಳ್ಳುವುದೇ ಗೆಲ್ಲುತ್ತದೆ, ವಸ್ತು ಜಾರಿ ಹಿಂದೆ ಬರುತ್ತದೆ. ಸಂದು ಕಿರಿದಾಗುತ್ತಾ ಹೋದಂತೆ ಒಂದು ಗಡಿ ಬರುತ್ತದೆ. ಅಲ್ಲಿಂದಾಚೆ ಉಜ್ಜುವುದು ಗೆಲ್ಲುತ್ತದೆ. ವಸ್ತುವನ್ನು ಹಿಂದಿನಿಂದ ಯಾರೂ ದೂಡಬೇಕಿಲ್ಲ. ತಯಾರಿಸಿದವರು ಉರುಳೆಗೆ ಗೀರು ಹಾಕಿರುವುದೂ ಕಬ್ಬು ಜಾರದಿರಲಿ ಎಂದೇ. ಕಬ್ಬನ್ನು ಬಿಡದಂತೆ ಮಾಡಿದ ಬಾಯಿ ಬೆರಳನ್ನೂ ಬಿಡುವುದಿಲ್ಲ.

ಒಂದು ಚಿಕ್ಕ ಲೆಕ್ಕ. ಚೊಂಬಿನಷ್ಟು ದಪ್ಪದ, ಅಂದರೆ 10 ಸೆಂಟಿಮೀಟರು ಅಡ್ಡಳತೆಯ ಉರುಳೆಯೊಂದು ಸೆಕೆಂಡಿಗೆ ಒಂದೇ ಸುತ್ತು ತಿರುಗುತ್ತಿದೆ ಎನ್ನಿ. ನೋಡಿದರೆ ಅದು ತುಂಬಾ ನಿಧಾನ, ಉರುಳೆಯ ಮೇಲಿನ ಗೀರುಗಳನ್ನು ಕಣ್ಣಿನಲ್ಲೇ ಹಿಂಬಾಲಿಸಬಹುದು. ಆದರೂ ಅದರ ಮೈ ಸೆಕೆಂಡಿಗೆ 31 ಸೆಂಟಿಮೀಟರು ಸಾಗುತ್ತದೆ. ನಮ್ಮ 0.2 ಸೆಕೆಂಡಿನಲ್ಲಿ 6 ಸೆಂಟಿಮೀಟರು. ನಿಮ್ಮ ತೋರುಬೆರಳನ್ನು ಅದೇ ಸ್ಕೇಲಿನಲ್ಲಿ ಅಳೆದು ನೋಡಿ. ಮಿದುಳು 'ಎಳೆದುಕೋ' ಎಂದು ಹೇಳಿ ಮುಗಿಸುವಷ್ಟರಲ್ಲಿ ಬೆರಳಿನ ಬಹುಪಾಲು ಒಳಗಿರುತ್ತದೆ. ನಿಧಾನವಾಗಿ ತಿರುಗುವ ಯಂತ್ರ ಅಪಾಯವಲ್ಲ ಎಂಬ ನಂಬಿಕೆಯಷ್ಟು ಕೈಗಳನ್ನು ಕೆಡಿಸಿದ ನಂಬಿಕೆ ಮತ್ತೊಂದಿಲ್ಲ ಎಂದೇ ನನ್ನ ಅನಿಸಿಕೆ.

ಇಲ್ಲೇ ಗ್ಲೌಸಿನ ಮಾತು ಹೇಳಿಬಿಡಬೇಕು. ಮಾಂಸ ಕತ್ತರಿಸುವವರು ಉಕ್ಕಿನ ಬಳೆಗಳನ್ನು ಹೆಣೆದ ಗ್ಲೌಸು ಹಾಕುತ್ತಾರೆ, ಚಾಕುವಿನ ಅಲಗಿಗೆ ಅದು ಒಳ್ಳೆಯ ರಕ್ಷೆ. ಅದೇ ಗ್ಲೌಸು ತಿರುಗುವ ಉರುಳೆಯ ಪಕ್ಕ ವೈರಿಯಾಗುತ್ತದೆ. ಬರಿಗೈ ಒದ್ದೆಯಿದ್ದರೆ ಜಾರಿ ತಪ್ಪಿಸಿಕೊಂಡೀತು. ಗ್ಲೌಸಿನ ಸಡಿಲ ತುದಿ ಸಿಕ್ಕಿತೆಂದರೆ ಅದು ಕೈಯನ್ನೂ ಜೊತೆಗೆ ಕರೆದೊಯ್ಯುತ್ತದೆ. ಬಳೆ, ಉಂಗುರ, ಸೆರಗು, ದುಪಟ್ಟ, ಅಂಗಿಯ ತೋಳು, ಎಲ್ಲಕ್ಕೂ ಇದೇ ಮಾತು. ಉಂಗುರ ಸಿಕ್ಕಿದ ಬೆರಳಿನ ಚರ್ಮ ಕಾಲುಚೀಲ ಕಳಚಿದಂತೆ ಬಂದುಬಿಡುತ್ತದೆ. ಅದನ್ನು ಮತ್ತೆ ಹೊದಿಸುವುದು ಶಸ್ತ್ರವೈದ್ಯರಿಗೂ ಕಷ್ಟ.

ಯಂತ್ರವನ್ನೇ ನಮ್ಮ ಮಿದುಳಿಗಿಂತ ಚುರುಕು ಮಾಡಿದವರೂ ಇದ್ದಾರೆ. ಅಮೆರಿಕದ ಸ್ಟೀವ್ ಗ್ಯಾಸ್ ಎಂಬ ಭೌತವಿಜ್ಞಾನಿ 1999ರಲ್ಲಿ ಮರ ಕೊಯ್ಯುವ ಗರಗಸಕ್ಕೆ ಒಂದು ಉಪಾಯ ಹೂಡಿದರು. ಅಲಗಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಚರ್ಮ ತಾಗಿದೊಡನೆ ಅದು ಏರುಪೇರಾಗುತ್ತದೆ, ಅಲ್ಯೂಮಿನಿಯಮ್ ದಿಮ್ಮಿಯೊಂದು ಚಿಮ್ಮಿ ಅಲಗಿಗೆ ಹೊಡೆದು ಸುಮಾರು 5 ಮಿಲಿಸೆಕೆಂಡಿನಲ್ಲಿ ಅದನ್ನು ಕಚ್ಚಿ ನಿಲ್ಲಿಸುತ್ತದೆ. ಬೆರಳಿಗೆ ಗೀರು ಮಾತ್ರ. ಮಾಂಸ ಕತ್ತರಿಸುವ ಗರಗಸಗಳಿಗೂ ಈಗ ಇಂಥ ನಿಲುಗಡೆ ಬಂದಿದೆ. ಆದರೆ ಕಾರ್ಖಾನೆಯ ನೂರಾರು ಉರುಳೆ, ಸರಪಳಿ, ತಿರುಪುಗಳಿಗೆಲ್ಲ ಅದನ್ನು ಹೊಂದಿಸಲಾಗದು. ಹಾಗಾಗಿ ನಾವು ಮೊದಲ ಪ್ರಶ್ನೆಗೇ ಮರಳಬೇಕು: ನಿಂತ ಯಂತ್ರಕ್ಕೆ ಕಚ್ಚುವ ಬಲ ಎಲ್ಲಿಂದ ಬಂತು?

ಅಡೆಗಲ್ಲು ತೆಗೆಯುವ ಕೈ

ಘಾಟಿಯ ಏರಿನಲ್ಲಿ ಲಾರಿ ಕೆಟ್ಟು ನಿಂತರೆ ಕ್ಲೀನರ್ ಹುಡುಗ ಮೊದಲು ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಎಂಜಿನ್ ಆಫ್ ಆಗಿದೆ, ಲಾರಿ ಅಲುಗದೆ ನಿಂತಿದೆ. ಈಗ ಯಾರಾದರೂ ಚಕ್ರದ ಹಿಂದೆ ಕುಕ್ಕರಗಾಲಲ್ಲಿ ಕೂತು ಆ ಕಲ್ಲನ್ನು ಕೈಯಿಂದ ಎಳೆದು ತೆಗೆಯುತ್ತಾರೆಯೇ? ಇಲ್ಲ. ಲಾರಿಯನ್ನು ಹಿಡಿದು ನಿಲ್ಲಿಸಿರುವುದು ಆ ಕಲ್ಲೇ ಎಂದು ನಮಗೆ ಕಾಣುತ್ತದೆ.

ಕಾರ್ಖಾನೆಯಲ್ಲಿ ಅದೇ ಕಲ್ಲು ನಮಗೆ ಕಾಣುವುದಿಲ್ಲ. ಸಿಕ್ಕಿಕೊಂಡ ಬಿಸ್ಕತ್ತಿನ ಪೊಟ್ಟಣ, ಅಡ್ಡಬಿದ್ದ ಟ್ರೇ, ಉರುಳೆಗೆ ಮೆತ್ತಿಕೊಂಡ ಹಿಟ್ಟಿನ ಗಡ್ಡೆ, ಗಾಣದ ಬಾಯಿಗೆ ಕಚ್ಚಿದ ಕಬ್ಬಿನ ಗಿಣ್ಣು: ಇವು ನಮ್ಮ ಕಣ್ಣಿಗೆ ಬರೀ ತೊಂದರೆ. ಯಂತ್ರದ ಮಟ್ಟಿಗೆ ಅವು ಅಡೆಗಲ್ಲು. ಅದನ್ನು ತೆಗೆಯುವ ಕೈಯೇ ಯಂತ್ರದ ಬ್ರೇಕನ್ನು ಬಿಡಿಸುತ್ತದೆ, ಅದೂ ಎಲ್ಲಿಂದ? ಚಕ್ರದ ಬಾಯಿಯೊಳಗಿನಿಂದಲೇ.

ಹಿಂದೊಮ್ಮೆ ಕುರುಕಲು ತಿಂಡಿಯ ಕಾರ್ಖಾನೆಯೊಂದರಲ್ಲಿ ಹಿರಿಯ ಫಿಟ್ಟರ್ ಒಬ್ಬರು ನನಗೆ ಇದನ್ನು ಕೈಯಾರೆ ತೋರಿಸಿದರು. ಪೊಟ್ಟಣಗಳನ್ನು ಪೆಟ್ಟಿಗೆಗೆ ನೂಕುವ ಯಂತ್ರ ಅದು. ನೂಕುವುದು ಗಾಳಿಯ ಬಲದಿಂದ ಚಲಿಸುವ ಒಂದು ದಂಡ. ಅವರು ಯಂತ್ರದ ಮುಂದಿದ್ದ ಕೆಂಪು ಗುಂಡಿ ಒತ್ತಿದರು. ಎಲ್ಲ ನಿಂತಿತು, ದೀಪಗಳು ಆರಿದವು. "ಈಗ ಆಫಾ, ಆನಾ ಸಾರ್?" ಎಂದರು. ಆಫ್ ಎಂದೆ. ದಂಡದ ಮುಂದೆ ಅಡ್ಡವಾಗಿ ಮರದ ತುಂಡೊಂದು ಸಿಕ್ಕಿಕೊಂಡಂತೆ ಅವರು ಮೊದಲೇ ಇಟ್ಟಿದ್ದರು. ಉದ್ದನೆಯ ಕಬ್ಬಿಣದ ಕೊಕ್ಕೆ ತಂದು, ದೂರ ನಿಂತು, ಆ ತುಂಡನ್ನು ಎಳೆದರು. ದಂಡ ಢಣ್ ಎಂದು ಮುಂದಕ್ಕೆ ಬಡಿಯಿತು. ನನ್ನ ಎದೆ ಅದಕ್ಕಿಂತ ಜೋರಾಗಿ ಬಡಿಯಿತು. ಕೊಕ್ಕೆಯ ತುದಿಯನ್ನು ನನಗೆ ತೋರಿಸಿದರು, ಅದು ಸ್ವಲ್ಪ ಬಾಗಿತ್ತು. "ಕರೆಂಟು ಹೋಯ್ತು ಸಾರ್. ಗಾಳಿ ಎಲ್ಲಿ ಹೋಯ್ತು?"

ಗಾಳಿ ಎಲ್ಲಿಗೂ ಹೋಗಿರಲಿಲ್ಲ. ಕೊಳವೆಯೊಳಗೆ ಹಾಗೇ ಬಿಗಿದುಕೊಂಡು ಕೂತಿತ್ತು. ಇಂಥ ಯಂತ್ರಗಳಿಗೆ ಕಂಪ್ರೆಸರಿನಿಂದ ಬರುವ ಗಾಳಿಯ ಒತ್ತಡ ಸಾಮಾನ್ಯವಾಗಿ 6 ಬಾರ್, ಅಂದರೆ ಪ್ರತಿ ಚದರ ಸೆಂಟಿಮೀಟರಿಗೂ ಸುಮಾರು 6 ಕಿಲೋ ತೂಕ. ಒಳಗಿನ ಕೊಂತದ, ಅಂದರೆ ಪಿಸ್ಟನ್ನಿನ, ಅಡ್ಡಳತೆ 63 ಮಿಲಿಮೀಟರು, ಒಂದು ಲೋಟದ ಬಾಯಿಯಷ್ಟು. ಗುಣಿಸಿ ನೋಡಿದರೆ 190 ಕಿಲೋ ಬರುತ್ತದೆ. ಹತ್ತಿರ ಹತ್ತಿರ ನಾಲ್ಕು ಸಿಮೆಂಟ್ ಮೂಟೆ, ಒಂದು ಪೊಟ್ಟಣದ ಹಿಂದೆ, ಸದ್ದಿಲ್ಲದೆ.

ಗಾಳಿಯ ಹಾಗೆ ಬಲವನ್ನು ಹಿಡಿದಿಟ್ಟುಕೊಳ್ಳುವ ಜಾಗಗಳು ಯಂತ್ರದಲ್ಲಿ ಇನ್ನೂ ಇವೆ. ಮೇಲೆತ್ತಿ ನಿಲ್ಲಿಸಿದ ಹಿಟ್ಟಿನ ದೊಡ್ಡ ಬಾಣಲೆಯನ್ನು ಭೂಮಿ ಸದಾ ಕೆಳಗೆ ಎಳೆಯುತ್ತಿದೆ. ಸ್ಪ್ರಿಂಗು ಬಿಚ್ಚಿಕೊಳ್ಳಲು ಕಾದಿದೆ. ಬಿಗಿದ ಸರಪಳಿ ಸೆಟೆದುಕೊಂಡೇ ನಿಂತಿದೆ. ಹಬೆಯ ಕೊಳವೆಯಲ್ಲಿ ಹಬೆಯಿದೆ. ಮೋಟಾರಿನ ವೇಗ ತಿದ್ದುವ ಪೆಟ್ಟಿಗೆಯ ಕೆಪಾಸಿಟರುಗಳಲ್ಲಿ ಕರೆಂಟು ತೆಗೆದು ನಿಮಿಷಗಳಾದರೂ ವಿದ್ಯುತ್ತು ಉಳಿದಿರುತ್ತದೆ. ಇನ್ನು ಸುತ್ತುವ ಅಲಗು. ತಿರುಗುವ ವಸ್ತುವಿನ ವೇಗ ಎರಡು ಪಟ್ಟಾದರೆ ಅದರಲ್ಲಿ ಅಡಗಿದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ವೇಗದ ಅಲಗು ಸ್ವಿಚ್ ಆರಿಸಿದ ಮೇಲೂ ಬಹಳ ಹೊತ್ತು ಸುತ್ತುತ್ತದೆ. ಅದರ ಸದ್ದು ಅಡಗಿದಾಗಲೂ ಅಂಚು ಮೌನವಾಗಿ ತಿರುಗುತ್ತಿರಬಹುದು. ಗಿರಣಿಯ ಯಜಮಾನರು ಬೆರಳು ಕಳೆದುಕೊಂಡದ್ದು ಹೀಗೆ: ಮೋಟಾರು ಆಫ್, ಬೆಲ್ಟು ಇನ್ನೂ ಪುಲ್ಲಿಯ ಮೇಲೆ.

ಸ್ವಿಚ್ಚು ಹೊಸ ಶಕ್ತಿ ಬರುವ ಬಾಗಿಲನ್ನು ಮುಚ್ಚುತ್ತದೆ. ಒಳಗೆ ಬಂದು ಕೂತದ್ದನ್ನು ಹೊರಗೆ ಹಾಕುವುದಿಲ್ಲ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್ ಇದ್ದವರು ಗಮನಿಸಿರಬಹುದು. ಒಗೆತ ಮುಗಿದರೂ ಬಾಗಿಲು ತಕ್ಷಣ ತೆರೆಯುವುದಿಲ್ಲ. ಸ್ವಲ್ಪ ಹೊತ್ತು ಕಳೆದು 'ಕಟ್' ಎಂಬ ಸದ್ದಾದ ಮೇಲೇ ಕೈಗೆ ಬರುತ್ತದೆ. ಆಫ್ ಆಗುವುದೂ ನಿಲ್ಲುವುದೂ ಒಂದೇ ಅಲ್ಲ ಎಂಬುದನ್ನು ಆ ಯಂತ್ರಕ್ಕೆ ಕಲಿಸಿ ಕಳಿಸಿದ್ದಾರೆ.

ಕಾಯುತ್ತಾ ನಿಂತದ್ದು

ಉಳಿದ ಶಕ್ತಿಯದು ಒಂದು ಬಗೆಯಾದರೆ, ಮರಳಿ ಬರುವ ಶಕ್ತಿಯದು ಇನ್ನೊಂದು. ಈಗಿನ ಸಾಗುಪಟ್ಟಿಗಳಿಗೆ ಬೆಳಕಿನ ಕಣ್ಣಿರುತ್ತದೆ. ಮುಂದೆ ದಾರಿ ಕಟ್ಟಿದೆ ಎಂದು ಕಣ್ಣು ಹೇಳಿದರೆ ಪಟ್ಟಿ ನಿಲ್ಲುತ್ತದೆ, ದಾರಿ ಬಿಟ್ಟೊಡನೆ ಹೊರಡುತ್ತದೆ. ಅಡ್ಡಬಿದ್ದ ಪೊಟ್ಟಣವನ್ನು ಎತ್ತಿದವರ ಕೈ ಇನ್ನೂ ಒಳಗಿರುವಾಗಲೇ ಕಣ್ಣಿಗೆ ದಾರಿ ಕಾಣಿಸುತ್ತದೆ. ಅದು ನಿಂತಿರಲಿಲ್ಲ, ಕಾಯುತ್ತಿತ್ತು.

ನಮ್ಮ ಕಡೆ ಇದರ ಇನ್ನೊಂದು ರೂಪವೇ ಹೆಚ್ಚು. ಕರೆಂಟು ಹೋಯಿತೆಂದರೆ ಸಣ್ಣ ಘಟಕಗಳಲ್ಲಿ ಅದೇ ಶುಚಿ ಮಾಡುವ ಹೊತ್ತು. ಹೇಗೂ ಕೆಲಸ ನಿಂತಿದೆ, ಅಷ್ಟರಲ್ಲಿ ಮೆತ್ತಿದ ಹಿಟ್ಟು ಕೆರೆದುಬಿಡೋಣ ಎಂದು ಕೈ ಹಾಕುತ್ತಾರೆ. ಸರಿಯಾದ ಸ್ಟಾರ್ಟರ್ ಇದ್ದರೆ ಕರೆಂಟು ಮರಳಿದರೂ ಮೋಟಾರು ತಾನಾಗಿ ಹೊರಡದು, ಹಸಿರು ಗುಂಡಿ ಮತ್ತೆ ಒತ್ತಬೇಕು. ಆದರೆ ತೋಟದ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಕಟ್ಟಿ ರೂಢಿಯಾದ ನಾಡು ನಮ್ಮದು. ನಡುರಾತ್ರಿ ಕರೆಂಟು ಬಂದರೆ ನೀರು ತಾನಾಗಿ ಹಾಯಲಿ ಎಂಬ ಆ ಅನುಕೂಲ ಗಾಣಕ್ಕೋ ರುಬ್ಬುವ ಯಂತ್ರಕ್ಕೋ ಬಂತೆಂದರೆ ಕೈ ಒಳಗಿರುವಾಗಲೇ ಕರೆಂಟು ಬರುತ್ತದೆ.

ಕೊನೆಯದು ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ನೋವಿನದು. ಒಬ್ಬರು ಯಂತ್ರದ ಹಿಂದೆ ಬಗ್ಗಿ ಕೆಲಸ ಮಾಡುತ್ತಿದ್ದಾರೆ. ಮುಂದಿನಿಂದ ಬಂದ ಇನ್ನೊಬ್ಬರು, 'ಯಾರೋ ಆಫ್ ಮಾಡಿದ್ದಾರೆ' ಎಂದು ಆನ್ ಮಾಡುತ್ತಾರೆ. ಅವರಲ್ಲಿ ಯಾವ ದ್ವೇಷವೂ ಇಲ್ಲ, ಅಜಾಗ್ರತೆಯೂ ಇಲ್ಲ. ಕಾಣಲಿಲ್ಲ, ಅಷ್ಟೆ. ಇಬ್ಬರೂ ಆ ಗಳಿಗೆಯನ್ನು ಬದುಕಿಡೀ ಹೊರುತ್ತಾರೆ.

ದಿನವೂ ತೊಳೆಯಬೇಕಾದ ಯಂತ್ರ

ಸಿಮೆಂಟ್ ಕಾರ್ಖಾನೆಯಲ್ಲೂ ಉರುಳೆಗಳಿವೆ, ಉಕ್ಕಿನ ಕಾರ್ಖಾನೆಯಲ್ಲೂ ಇವೆ. ಆದರೂ ಆಹಾರದ ಕಾರ್ಖಾನೆಗೆ ತನ್ನದೇ ಒಂದು ಕಷ್ಟವಿದೆ. ಅಲ್ಲಿ ಹಾಯುವ ವಸ್ತು ಕೊಳೆಯುತ್ತದೆ. ಹಾಲು, ಹಿಟ್ಟು, ಮಾಂಸ, ಕಬ್ಬಿನ ರಸ, ಯಾವುದೇ ಇರಲಿ, ಸಂದಿನಲ್ಲಿ ಉಳಿದ ಒಂದು ಚಮಚ ಸಾಕು, ಮರುದಿನದ ಇಡೀ ಸರಕು ಹುಳಿಯಲು. ಆದ್ದರಿಂದ ಅಲ್ಲಿನ ಯಂತ್ರವನ್ನು ಕೆಟ್ಟಾಗ ಮಾತ್ರ ಬಿಚ್ಚಿದರೆ ಸಾಲದು. ದಿನವೂ ಬಿಚ್ಚಬೇಕು, ಕೆಲವನ್ನು ಪ್ರತಿ ಪಾಳಿಗೂ.

ಬಿಚ್ಚುವುದೆಂದರೆ ಮೊದಲು ಹೋಗುವುದು ಗಾರ್ಡು, ಕೈಯನ್ನು ದೂರ ಇಡಲೆಂದು ಹಾಕಿದ ಜಾಲರಿ. ಹಗಲೆಲ್ಲ ಕೈಯನ್ನು ಕಾಯ್ದ ಗಾರ್ಡು, ಕೈ ಅತ್ಯಂತ ಒಳಗೆ ಹೋಗುವ ಹೊತ್ತಿನಲ್ಲಿ ಗೋಡೆಗೆ ಒರಗಿ ನಿಂತಿರುತ್ತದೆ. ನೆಲದಲ್ಲಿ ಸೋಪಿನ ನೀರು, ಗಾಳಿಯಲ್ಲಿ ಹಬೆ, ಕೈಯಲ್ಲಿ ಉಜ್ಜುವ ಬಟ್ಟೆ. ಉರುಳೆಯ ಸುತ್ತ ಎಲ್ಲ ಕಡೆ ಉಜ್ಜಬೇಕಾದರೆ ಅದು ತಿರುಗಬೇಕು. ಹಾಗಾಗಿ 'ಸ್ವಲ್ಪ ಸ್ವಲ್ಪವೇ ಓಡಿಸು' ಎಂದು ಇನ್ನೊಬ್ಬರಿಗೆ ಹೇಳಿ ಬಟ್ಟೆ ಹಿಡಿದು ನಿಲ್ಲುತ್ತಾರೆ. ಬಟ್ಟೆಯ ಅಂಚು ಸೆಳೆಬಾಯಿಗೆ ಮೊದಲು ಸಿಗುತ್ತದೆ.

ಈ ತೊಳೆಯುವ ಕೆಲಸ ಹೆಚ್ಚಾಗಿ ರಾತ್ರಿ ಪಾಳಿಯದು, ಗುತ್ತಿಗೆಯವರದು, ಹೊಸಬರದು. ಅಮೆರಿಕದ ಕಾರ್ಮಿಕ ಇಲಾಖೆ 2023ರ ಫೆಬ್ರವರಿಯಲ್ಲಿ ಪ್ರಕಟಿಸಿದ ಪ್ರಕರಣವೊಂದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ಮಾಂಸದ ಕಾರ್ಖಾನೆಗಳನ್ನು ರಾತ್ರಿ ತೊಳೆಯುವ ಗುತ್ತಿಗೆ ಹಿಡಿದ ಕಂಪನಿಯೊಂದು 8 ರಾಜ್ಯಗಳ 13 ಕಾರ್ಖಾನೆಗಳಲ್ಲಿ 13ರಿಂದ 17 ವರ್ಷದ ಕನಿಷ್ಠ 102 ಮಕ್ಕಳನ್ನು ಕೆಲಸಕ್ಕಿಟ್ಟಿತ್ತು. ಮೂಳೆ ಸೀಳುವ ಗರಗಸಗಳನ್ನು ಆ ಮಕ್ಕಳು ತೊಳೆಯುತ್ತಿದ್ದರು. ಕಂಪನಿ 15 ಲಕ್ಷ ಡಾಲರಿಗೂ ಹೆಚ್ಚು ದಂಡ ಕಟ್ಟಿತು.

ಕೈ ಹಾಕದೆ ತೊಳೆಯಲು ಆಗುವುದೇ ಇಲ್ಲವೆಂದಲ್ಲ. ಡೈರಿಗಳನ್ನು ನೋಡಿ. ಹಾಲಿನ ಕೊಳವೆ, ತೊಟ್ಟಿಗಳನ್ನು ಯಾರೂ ಬಿಚ್ಚಿ ಉಜ್ಜುವುದಿಲ್ಲ. ಬಿಸಿನೀರು, ಕ್ಷಾರ, ಆಮ್ಲಗಳನ್ನು ಒಂದರ ಹಿಂದೊಂದು ಅದೇ ಕೊಳವೆಗಳಲ್ಲಿ ಹಾಯಿಸಿ ಇದ್ದಲ್ಲೇ ತೊಳೆಯುತ್ತಾರೆ. ಹಾಲಿಗೆ ಆದದ್ದು ಹಿಟ್ಟಿಗೆ ಅಷ್ಟು ಸುಲಭವಲ್ಲ, ನಿಜ. ಆದರೂ ಯಂತ್ರ ಕೊಳ್ಳುವ ದಿನವೇ 'ಇದನ್ನು ತೊಳೆಯುವಾಗ ಕೈ ಎಲ್ಲಿರುತ್ತದೆ?' ಎಂದು ಕೇಳುವ ಮಾಲೀಕರು ಹೆಚ್ಚಬೇಕು.

ಕಿಸೆಯೊಳಗಿನ ಬೀಗದ ಕೈ

ಹಳೆಯ ಒಂಟಿ ಹಳಿಯ ರೈಲುಮಾರ್ಗಗಳ ನೆನಪಿರುವವರಿಗೆ ಒಂದು ದೃಶ್ಯ ಗೊತ್ತು. ರೈಲು ನಿಲ್ದಾಣ ಬಿಡುವಾಗ ಚಾಲಕರ ಕೈಗೆ ದೊಡ್ಡ ಬಳೆಯಂಥ ಬೆತ್ತದ ಸುತ್ತೊಂದನ್ನು ಕೊಡುತ್ತಿದ್ದರು. ಅದರ ಚೀಲದಲ್ಲಿ ಲೋಹದ ಗುಂಡು, ಟೋಕನ್. ಅದು ಕೈಯಲ್ಲಿದ್ದರೆ ಮಾತ್ರ ಮುಂದಿನ ನಿಲ್ದಾಣದವರೆಗಿನ ಹಳಿ ಆ ರೈಲಿನದು. ಎರಡೂ ನಿಲ್ದಾಣದ ಯಂತ್ರಗಳು ಒಂದಕ್ಕೊಂದು ಬೆಸೆದಿದ್ದರಿಂದ, ಆ ಗುಂಡು ಮರಳುವವರೆಗೆ ಇನ್ನೊಂದು ಗುಂಡು ಹೊರಗೆ ಬರುತ್ತಿರಲಿಲ್ಲ. ಎದುರಿನಿಂದ ಬೇರೆ ರೈಲು ಬಾರದಿರುವುದಕ್ಕೆ ಯಾರ ನೆನಪನ್ನೂ, ಯಾರ ಮಾತನ್ನೂ ನಂಬಬೇಕಾಗಿರಲಿಲ್ಲ.

ದುರಸ್ತಿಗೆ ಇಳಿದ ಕೈಗೂ ಬೇಕಾದದ್ದು ಅಂಥದೇ ಒಂದು ಗುಂಡು. ಅದೇ ಬೀಗ ಹಾಕುವ ಪದ್ಧತಿ, ಕಾರ್ಖಾನೆಯವರ ಮಾತಿನಲ್ಲಿ ಲಾಕ್‌ಔಟ್. ಯಂತ್ರಕ್ಕೆ ಕರೆಂಟು ಬರುವ ಮುಖ್ಯ ಸ್ವಿಚ್ಚನ್ನು ಇಳಿಸಿ, ಕೆಲಸ ಮಾಡುವವರು ತಮ್ಮದೇ ಬೀಗವನ್ನು ಅದಕ್ಕೆ ಹಾಕಿ, ಕೀಲಿಯನ್ನು ತಮ್ಮದೇ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆ. ಸೂಪರ್‌ವೈಸರ್ ಹತ್ತಿರವಲ್ಲ, ಗೋಡೆಯ ಮೊಳೆಯ ಮೇಲೂ ಅಲ್ಲ. ಆರು ಜನ ಇಳಿದರೆ ಆರು ಬೀಗ. ಅವನ್ನೆಲ್ಲ ಪೋಣಿಸಲು ಆರು ತೂತಿನ ಕೊಂಡಿ ಸಿಗುತ್ತದೆ. ಐವರು ಕೆಲಸ ಮುಗಿಸಿ ಬೀಗ ತೆಗೆದರೂ ಆರನೆಯವರ ಕೈ ಒಳಗಿರುವವರೆಗೆ ಸ್ವಿಚ್ಚು ಏಳದು.

ಬೀಗದಿಂದ ಬಾಗಿಲು ಮುಚ್ಚಿತು. ಒಳಗೆ ಕೂತ ಶಕ್ತಿ ಇನ್ನೂ ಇದೆಯಲ್ಲ, ಅದನ್ನು ಖಾಲಿ ಮಾಡಬೇಕು. ಗಾಳಿಯ ಕೊಳವೆಯ ತಿರುಪು ಬಿಚ್ಚಿ ಗಾಳಿಯನ್ನು ಹೊರಗೆ ಬಿಡಬೇಕು, ಎತ್ತಿದ್ದನ್ನು ಇಳಿಸಬೇಕು ಅಥವಾ ಕೆಳಗೆ ಉಕ್ಕಿನ ಗುಜ್ಜು ಕೊಡಬೇಕು, ಅಲಗು ನಿಲ್ಲುವುದನ್ನು ಕಣ್ಣಾರೆ ಕಾಣಬೇಕು. ಕೊನೆಗೆ, ಜನ ಹೆಚ್ಚಾಗಿ ಬಿಟ್ಟುಬಿಡುವ ಒಂದು ಹೆಜ್ಜೆ: ಎಲ್ಲರನ್ನೂ ದೂರ ನಿಲ್ಲಿಸಿ ಹಸಿರು ಗುಂಡಿ ಒತ್ತಿ ನೋಡಬೇಕು. ಯಂತ್ರ ಅಲುಗದಿದ್ದರೆ ಮಾತ್ರ ಅದು ಸತ್ತಿದೆ. ಎಷ್ಟೋ ಸಲ ಜನ ಬೀಗ ಹಾಕಿರುವುದು ಪಕ್ಕದ ಯಂತ್ರದ ಸ್ವಿಚ್ಚಿಗೆ ಎಂಬುದು ತಿಳಿಯುವುದು ಆಗಲೇ. ಕೆಂಪು ಗುಂಡಿ ಒತ್ತುವುದು ಇದಕ್ಕೆ ಬದಲಿ ಅಲ್ಲ. ಅದು ಅವಘಡದ ಹೊತ್ತಿನ ಕೂಗು. ಯಾರು ಬೇಕಾದರೂ ಅದನ್ನು ತಿರುಗಿಸಿ ಮರಳಿ ಎಬ್ಬಿಸಬಹುದು.

ಅಮೆರಿಕ ಈ ಪದ್ಧತಿಯನ್ನು 1989ರಲ್ಲಿ ನಿಯಮ ಮಾಡಿತು. ಅದನ್ನು ಪಾಲಿಸಿದರೆ ವರ್ಷಕ್ಕೆ ಸುಮಾರು 120 ಸಾವು, 50,000 ಗಾಯ ತಪ್ಪುತ್ತವೆ ಎಂಬುದು ಅಲ್ಲಿನ ಕೆಲಸದ ಸುರಕ್ಷತಾ ಇಲಾಖೆಯ ಅಂದಾಜು. ನಮ್ಮಲ್ಲಿ ಈ ತಿಳಿವಳಿಕೆ ತಡವಾಗಿ ಬಂದದ್ದೇನಲ್ಲ. 1948ರ ಕಾರ್ಖಾನೆ ಕಾಯ್ದೆಯ 24ನೇ ಕಲಮಿಗೆ 1976ರಲ್ಲಿ ಸೇರಿಸಿದ ಮಾತು ಇದೇ: ಅಕಸ್ಮಾತ್ತಾಗಿ ಆಫ್‌ನಿಂದ ಆನ್‌ಗೆ ಸರಿಯಬಲ್ಲ ಸ್ವಿಚ್ಚಿಗೆ ಬೀಗ ಹಾಕುವ ಏರ್ಪಾಡು ಇರಬೇಕು. ಅಮೆರಿಕದ ನಿಯಮಕ್ಕಿಂತ 13 ವರ್ಷ ಮೊದಲೇ ನಾವು ಬೀಗದ ಮಾತು ಬರೆದುಕೊಂಡಿದ್ದೆವು. ಬರೆದದ್ದು ಹತ್ತು ಜನರ ಬೇಕರಿಯ ಗೋಡೆಯವರೆಗೆ ಬರಲಿಲ್ಲ.

ಹೋದ ಬೆರಳು

ಬೆರಳಿನೊಳಗೆ ಸ್ನಾಯುವಿಲ್ಲ. ಅದನ್ನು ಮಡಿಸುವ ಬಲದ ಬಹುಪಾಲು ಮುಂಗೈಯಲ್ಲಿದ್ದು, ಹಗ್ಗದಂಥ ಸ್ನಾಯುರಜ್ಜುಗಳು ಅದನ್ನು ಬೆರಳಿಗೆ ತಲುಪಿಸುತ್ತವೆ. ಈ ರಚನೆಯಿಂದ ಒಂದು ಉಪಕಾರವಿದೆ. ರಕ್ತವಿಲ್ಲದೆ ಬೇಗ ಸಾಯುವುದು ಸ್ನಾಯು. ಹಾಗಾಗಿ ತುಂಡಾದ ತೋಳಿಗಿಂತ ತುಂಡಾದ ಬೆರಳು ಹೆಚ್ಚು ಹೊತ್ತು ತಾಳುತ್ತದೆ, ತಣ್ಣಗಿಟ್ಟರೆ ಇನ್ನೂ ಹೆಚ್ಚು. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ ಎಂಬ ವೈದ್ಯರು ಪೂರ್ತಿ ತುಂಡಾಗಿದ್ದ ಹೆಬ್ಬೆರಳೊಂದನ್ನು ಸೂಕ್ಷ್ಮದರ್ಶಕದಡಿ ಹೊಲಿದು ಮತ್ತೆ ಬದುಕಿಸಿದರು. ಮಿಲಿಮೀಟರಿನಷ್ಟು ಸಪೂರದ ರಕ್ತನಾಳಗಳನ್ನು ಒಂದಕ್ಕೊಂದು ಕೂಡಿಸುವ ಆ ಕೆಲಸ ಇಂದು ನಮ್ಮ ದೊಡ್ಡ ಊರುಗಳ ಆಸ್ಪತ್ರೆಗಳಲ್ಲೂ ಆಗುತ್ತದೆ. ಆದರೆ ಅಲಗು ಒಂದೇ ಏಟಿಗೆ ಕತ್ತರಿಸಿದ ಬೆರಳಿಗೆ ಇರುವ ಆಸೆ, ಉರುಳೆ ಜಜ್ಜಿ ಎಳೆದ ಬೆರಳಿಗೆ ಇಲ್ಲ. ನಾಳಗಳು ಉದ್ದಕ್ಕೂ ಹರಿದಿರುತ್ತವೆ, ಹೊಲಿಯಲು ತುದಿಯೇ ಸಿಗುವುದಿಲ್ಲ.

ಕಾರ್ಮಿಕರ ಪರಿಹಾರಕ್ಕಾಗಿ 1923ರಲ್ಲಿ ಬಂದ ಕಾಯ್ದೆಯ ಪಟ್ಟಿಯಲ್ಲಿ ಅಂಗಾಂಗಗಳಿಗೆ ದುಡಿಮೆಯ ಲೆಕ್ಕ ಹಾಕಿದ್ದರು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯ ನೂರರಲ್ಲಿ 30 ಪಾಲು ಹೋಯಿತು, ತೋರುಬೆರಳು ಪೂರ್ತಿ ಹೋದರೆ 14, ಒಂದು ಕೈಯ ನಾಲ್ಕು ಬೆರಳು ಹೋದರೆ 50. ಗುಂಡಿ ಹಾಕಿಕೊಳ್ಳುವುದು, ಮುದ್ದೆ ಮುರಿಯುವುದು, ಮಗುವಿನ ಜಡೆ ಹೆಣೆಯುವುದು ಆ ಪಟ್ಟಿಯಲ್ಲಿ ಇರಲಿಲ್ಲ.

ಇದನ್ನು ಓದುತ್ತಿರುವವರಲ್ಲಿ ಆಹಾರದ ಘಟಕದಲ್ಲಿ ದುಡಿಯುವವರು, ಅಂಥ ಘಟಕ ನಡೆಸುವವರು ಇದ್ದರೆ ಎರಡು ಮಾತು ನೆನಪಿಡಿ. ಬೆರಳು ತುಂಡಾದರೆ ಅದನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಟ್ಟು ಗಾಯಾಳುವಿನ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಮಂಜುಗಡ್ಡೆ ಬೆರಳಿಗೆ ನೇರವಾಗಿ ತಾಗಬಾರದು, ತಾಗಿದರೆ ಅದರ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಇನ್ನೊಂದು ಮಾತು ಅದಕ್ಕೂ ಮೊದಲಿನದು. ಇವತ್ತು ಮನೆಗೆ ಹೋಗುವಾಗ ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತು, ನಿಮ್ಮಲ್ಲಿ ದುರಸ್ತಿ ಮಾಡುವವರು, ತೊಳೆಯುವವರು ಎಷ್ಟು ಜನರಿದ್ದಾರೋ ಅಷ್ಟು ಬೀಗ ಕೊಳ್ಳಿ. ಒಂದೊಂದಕ್ಕೂ ಒಂದೇ ಕೀಲಿ ಇರಲಿ, ಆ ಕೀಲಿ ಅವರ ಕಿಸೆಯಲ್ಲಿರಲಿ.